ಯಜಮಾನರನ್ನು ಕರೆದುಕೊಂಡು ಬನ್ನಿ

ಸೈಟು ನೋಡಲು, ಮನೆ ನೋಡಲು ಹೋದ ಹೆಂಗಸಿಗೆ ಬ್ರೋಕರ್ ಹೇಳುವ ಮೊದಲ ಮಾತು ಬಹುಪಾಲು ಇದೇ: "ಯಜಮಾನ್ರನ್ನ ಕರ್ಕೊಂಡು ಬನ್ನಿ ಅಮ್ಮ, ಕೂತು ಮಾತಾಡೋಣ." ದುಡ್ಡು ಯಾರದು ಎಂದು ಅವನು ಕೇಳುವುದಿಲ್ಲ. ಹತ್ತು ವರ್ಷ ಗಾರ್ಮೆಂಟ್ಸ್‌ನಲ್ಲಿ ದುಡಿದು ಕೂಡಿಟ್ಟದ್ದೋ, ಸಂಘದಲ್ಲಿ ವಾರವಾರ ಕಟ್ಟಿದ್ದೋ, ಕೊರಳಿನ ಸರ ಮಾರಿದ್ದೋ, ಅದು ಅವನಿಗೆ ಬೇಕಿಲ್ಲ. ಎದುರಿಗೆ ಗಂಡಸೊಬ್ಬ ಕೂರಬೇಕು. ಗಂಡ ಇಲ್ಲದಿದ್ದರೆ ಅಣ್ಣ, ಅಣ್ಣ ಇಲ್ಲದಿದ್ದರೆ ಮಗ. ಎಸ್ಸೆಸ್ಸೆಲ್ಸಿ ಓದುತ್ತಿರುವ ಮಗನಾದರೂ ಸರಿ. ಈ ಒಂದು ಮಾತಿಗೆ ನಾವು ತಲೆಯಾಡಿಸಿದರೆ ಅರ್ಧ ವ್ಯಾಪಾರ ಅಲ್ಲೇ ನಮ್ಮ ಕೈ ತಪ್ಪುತ್ತದೆ ಎಂದು ನಾನು ನಂಬಿದ್ದೇನೆ. ಈ ಲೇಖನ ಬರೆಯುತ್ತಿರುವುದು ಅದಕ್ಕಾಗಿ.

ವರದಕ್ಷಿಣೆ, ಹೊಡೆತ ಬಡಿತದ ವಿಷಯ ಬರೆಯುವ ಪತ್ರಿಕೆಯಲ್ಲಿ ಸೈಟಿನ ವ್ಯವಹಾರ ಯಾಕೆ ಎಂದು ಕೆಲವರಿಗೆ ಅನ್ನಿಸಬಹುದು. ನಮ್ಮ ಸಮಾಲೋಚನಾ ಕೇಂದ್ರಕ್ಕೆ ಬರುವ ಹೆಣ್ಣುಮಕ್ಕಳ ಜೊತೆ ಒಂದು ದಿನ ಕೂತವರಿಗೆ ಹಾಗೆ ಅನ್ನಿಸುವುದಿಲ್ಲ. ಮೈಮೇಲಿನ ಬಾಸುಂಡೆ ತೋರಿಸಿ, ಅತ್ತು, ನೀರು ಕುಡಿದು, ಸ್ವಲ್ಪ ಸುಧಾರಿಸಿಕೊಂಡ ಮೇಲೆ ಅವರು ಮೊದಲು ಕೇಳುವುದು, "ಈಗ ನಾನು ಎಲ್ಲಿಗೆ ಹೋಗಲಿ ಅಕ್ಕ?" ಪೊಲೀಸು, ಕೋರ್ಟಿನ ಮಾತು ಆಮೇಲೆ. ತವರಿನಲ್ಲಿ ಎರಡು ದಿನ ಇಟ್ಟುಕೊಂಡಾರು. ಗಂಡನಿಲ್ಲದೆ ಬರುವ ಹೆಂಗಸಿಗೆ ಬಾಡಿಗೆ ಮನೆ ಕೊಡುವವರು ಕಡಿಮೆ, ಕೊಟ್ಟರೂ ಅಡ್ವಾನ್ಸ್ ದುಡ್ಡು ಎಲ್ಲಿಂದ ತರಬೇಕು?

ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2005ರಲ್ಲಿ ಬಂತು, 2006ರ ಅಕ್ಟೋಬರ್ 26ರಂದು ಜಾರಿಯಾಯಿತು. ಮನೆ ಯಾರ ಹೆಸರಿನಲ್ಲಿದ್ದರೂ ಸಂಸಾರ ಮಾಡಿದ ಮನೆಯಲ್ಲಿ ವಾಸಿಸುವ ಹಕ್ಕು ಹೆಣ್ಣಿಗಿದೆ ಎಂದು ಅದು ಹೇಳುತ್ತದೆ. ಅತ್ತೆ ಮಾವನ ಹೆಸರಿನ ಮನೆಗೂ ಈ ಹಕ್ಕು ಅನ್ವಯಿಸಬಹುದೆಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ದೊಡ್ಡ ಹಕ್ಕು ಇದು. ಆದರೂ ವಾಸಿಸುವ ಹಕ್ಕು ಬೇರೆ, ಒಡೆತನ ಬೇರೆ. ಮೊದಲನೆಯದಕ್ಕೆ ಕೋರ್ಟಿನಿಂದ ಆದೇಶ ತರಬೇಕು, ಎರಡನೆಯದಕ್ಕೆ ಬೀಗದ ಕೈ ಸಾಕು.

ಇನ್ನೊಂದು ಕಾರಣವೂ ಇದೆ. ವರದಕ್ಷಿಣೆಯ ರೂಪ ಬದಲಾಗಿದೆ. ಹಿಂದೆ ವಾಚು, ಸ್ಕೂಟರು ಎನ್ನುತ್ತಿದ್ದರು. ಆಮೇಲೆ ಕಾರು ಬಂತು. ಈಗ ನಮ್ಮ ತಾಲ್ಲೂಕಿನಲ್ಲಿ ಗಂಡಿನ ಕಡೆಯವರು ಬಾಯಿಬಿಟ್ಟು ಕೇಳುವುದು "ಒಂದು ಮೂವತ್ತು ನಲವತ್ತು". ಅಂದರೆ ಮೂವತ್ತಡಿ ನಲವತ್ತಡಿಯ ಸೈಟು. ಬಿಡಿಸಿ ಹೇಳುವುದೇ ಬೇಡ, ಹೆಣ್ಣಿನ ಅಪ್ಪನಿಗೆ ಅರ್ಥವಾಗುತ್ತದೆ. ಗಂಡು ತೋರಿಸುವವನೇ ಸೈಟನ್ನೂ ತೋರಿಸುವುದುಂಟು, ಎರಡಕ್ಕೂ ಕಮಿಷನ್. 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಪ್ರಕಾರ ಮದುವೆಗಾಗಿ ಕೊಡುವ ಆಸ್ತಿಯೂ ವರದಕ್ಷಿಣೆಯೇ, ಕೇಳುವುದೂ ಅಪರಾಧ, ಕೊಡುವುದೂ ಅಪರಾಧ. ಯಾರಾದರೂ ತೆಗೆದುಕೊಂಡಿದ್ದರೆ ಅದನ್ನು ಮೂರು ತಿಂಗಳೊಳಗೆ ಹೆಣ್ಣಿನ ಹೆಸರಿಗೆ ಮಾಡಿಕೊಡಬೇಕೆಂದು ಅದೇ ಕಾಯ್ದೆಯ 6ನೇ ಕಲಮಿನಲ್ಲಿದೆ. ಮಾಡಿಕೊಡದಿದ್ದರೆ ಅದಕ್ಕೆ ಬೇರೆ ಶಿಕ್ಷೆ. ಮದುವೆಯಾದ ಮೇಲೆ ಸೈಟಿಗಾಗಿ ಪೀಡಿಸಿದರೆ ಹಿಂದೆ 498ಎ ಇತ್ತು, 2024ರ ಜುಲೈ 1ರಿಂದ ಅದರ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆಯ 85, 86ನೇ ಕಲಮುಗಳಿವೆ. ಅಳಿಯನಿಗೆ ಸೈಟು ಕೊಡಿಸಲು ಸಂಘದಲ್ಲಿ ಸಾಲ ಕೇಳುವ ತಾಯಂದಿರಿಗೆ ನಾನು ಹೇಳುವುದು ಒಂದೇ. ಆ ಸಾಲ ಬೇಡ. ಮಗಳಿಗೆ ಆಸ್ತಿ ಕೊಡಬೇಕೆನ್ನಿಸಿದರೆ ಮನೆಯ ಪಾಲಿನಲ್ಲಿ ಕೊಡಿ, ಅವಳ ಹೆಸರಿಗೆ, ಮದುವೆಯ ಮಾತುಕತೆಗೆ ಸಂಬಂಧವಿಲ್ಲದ ಹಾಗೆ ಕೊಡಿ.

ಇನ್ನು ಬ್ರೋಕರ್ ವಿಷಯ. ಬ್ರೋಕರುಗಳೆಲ್ಲ ಮೋಸಗಾರರು ಎಂದು ನಾನು ಹೇಳುವುದಿಲ್ಲ. ಊರಿನ ಮೂಲೆಮೂಲೆ ಬಲ್ಲವರು, ಬಿಸಿಲಲ್ಲಿ ಹತ್ತು ಮನೆ ತೋರಿಸುವವರು, ಸಬ್ ರಿಜಿಸ್ಟ್ರಾರ್ ಕಚೇರಿಯ ಕೆಲಸ ಗೊತ್ತಿರುವವರು. ಅವರಿಲ್ಲದೆ ನಮ್ಮಂಥವರಿಗೆ ಮನೆ ಸಿಗುವುದು ಕಷ್ಟ. ಆದರೆ ಒಂದನ್ನು ಮರೆಯಬಾರದು. ವ್ಯಾಪಾರ ಕುದುರಿದರೆ ಮಾತ್ರ ಬ್ರೋಕರಿಗೆ ದುಡ್ಡು. ನೂರಕ್ಕೆ ಒಂದೋ ಎರಡೋ, ಕೊಳ್ಳುವವರಿಂದಲೂ ಮಾರುವವರಿಂದಲೂ ತೆಗೆದುಕೊಳ್ಳುತ್ತಾನೆ. ಬೆಲೆ ಜಾಸ್ತಿಯಾದಷ್ಟೂ ಅವನ ಪಾಲು ಜಾಸ್ತಿ. ಕಾಗದ ಸರಿಯಿಲ್ಲವೆಂದು ನೀವು ಎದ್ದು ಬಂದರೆ ಅವನ ಒಂದು ತಿಂಗಳ ಓಡಾಟ ನೀರುಪಾಲು. ಆದ್ದರಿಂದ "ಎಲ್ಲಾ ಕ್ಲಿಯರ್ ಇದೆ ಅಕ್ಕಾ" ಎಂದು ಅವನು ಹೇಳುವುದು ಸಾಕ್ಷಿಯಲ್ಲ. ಅವನು ನಿಮ್ಮ ಅಣ್ಣನ ಹಾಗೆ ಮಾತಾಡಬಹುದು, ಕಾಫಿ ಕೊಡಿಸಬಹುದು. ಅವನು ನಿಮ್ಮ ಕಡೆಯವನಲ್ಲ, ವ್ಯಾಪಾರದ ಕಡೆಯವನು.

2016ರ ರೇರಾ ಕಾಯ್ದೆಯ ಹೆಸರು ನೀವು ಕೇಳಿರಬಹುದು. ರಿಯಲ್ ಎಸ್ಟೇಟ್ ವ್ಯವಹಾರವನ್ನು ಹತೋಟಿಗೆ ತರಲು ಮಾಡಿದ ಕಾನೂನು, ಕರ್ನಾಟಕದಲ್ಲಿ ಅದರ ನಿಯಮಗಳು 2017ರಲ್ಲಿ ಬಂದವು. ಹೊಸ ಬಡಾವಣೆಯ ಜಾಗ 500 ಚದರ ಮೀಟರಿಗಿಂತ ದೊಡ್ಡದಾಗಿದ್ದರೆ, ಅಥವಾ ಕಟ್ಟಡದಲ್ಲಿ ಎಂಟಕ್ಕಿಂತ ಹೆಚ್ಚು ಮನೆಗಳಿದ್ದರೆ, ಅದನ್ನು ರೇರಾದಲ್ಲಿ ನೋಂದಾಯಿಸದೆ ಮಾರುವಂತಿಲ್ಲ. ಅಂಥ ಯೋಜನೆಯ ಸೈಟು ಅಥವಾ ಫ್ಲ್ಯಾಟು ಮಾರಿಸುವ ಏಜೆಂಟನೂ ನೋಂದಣಿ ಮಾಡಿಸಿಕೊಂಡಿರಬೇಕು, ಅವನಿಗೊಂದು ನಂಬರು ಇರುತ್ತದೆ. ಕೇಳಿ. ರೇರಾದ ಜಾಲತಾಣದಲ್ಲಿ ಆ ನಂಬರು ಹಾಕಿ ನೋಡುವುದು ನಮ್ಮ ಮಕ್ಕಳಿಗೆ ಎರಡು ನಿಮಿಷದ ಕೆಲಸ. ಕ್ರಯದ ಕರಾರು ನೋಂದಣಿಯಾಗದೆ ಬೆಲೆಯ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮುಂಗಡ ತೆಗೆದುಕೊಳ್ಳಬಾರದೆಂದು ಆ ಕಾಯ್ದೆಯ 13ನೇ ಕಲಮು ಹೇಳುತ್ತದೆ. ಹೇಳಿದ ದಿನಕ್ಕೆ ಮನೆ ಕೊಡದಿದ್ದರೆ ಬಡ್ಡಿ ಸಮೇತ ವಾಪಸು ಕೇಳಬಹುದು.

ಆದರೆ ನಮ್ಮಲ್ಲಿ ಹೆಚ್ಚಿನವರು ಕೊಳ್ಳುವುದು ಯಾರೋ ಕಟ್ಟಿ ಹದಿನೈದು ವರ್ಷ ಬಾಳಿದ ಹಳೆಯ ಮನೆ, ಇಲ್ಲವೇ ಊರಂಚಿನ ಬಿಡಿ ಸೈಟು. ಅಲ್ಲಿ ರೇರಾ ಇಲ್ಲ. ಟೀ ಅಂಗಡಿಯಲ್ಲಿ ಕೂರುವ ಬ್ರೋಕರಿಗೆ ನಂಬರೂ ಇಲ್ಲ. ಅಲ್ಲಿ ನಮ್ಮ ಎಚ್ಚರವೇ ನಮಗೆ ರೇರಾ.

ಅವಸರ ಮಾಡಿಸುವುದು ಬ್ರೋಕರನ ಹಳೆಯ ಆಯುಧ. "ನಾಳೆ ಇನ್ನೊಂದು ಪಾರ್ಟಿ ಬರ್ತಾರೆ, ಇವತ್ತೇ ಟೋಕನ್ ಕೊಟ್ಟುಬಿಡಿ." ಹತ್ತು ಸಾವಿರವೋ ಇಪ್ಪತ್ತು ಸಾವಿರವೋ ಕೈಗೆ ಬಿದ್ದ ಮೇಲೆ ನಾವು ಕಟ್ಟುಬಿದ್ದವರು. ಆಮೇಲೆ ಕಾಗದದಲ್ಲಿ ಏನು ಕಂಡರೂ ಟೋಕನ್ ದುಡ್ಡು ಹೋಗುತ್ತದಲ್ಲ ಎಂದು ಮುಂದಕ್ಕೇ ಹೆಜ್ಜೆ ಇಡುತ್ತೇವೆ. ಕಾಗದಗಳ ನಕಲು ಕೈಗೆ ಬರುವ ತನಕ ಒಂದು ರೂಪಾಯಿ ಕೊಡಬೇಡಿ. ಪಾರ್ಟಿ ಬಂದರೆ ಬರಲಿ. ಊರಿನಲ್ಲಿ ಮನೆಗಳಿಗೆ ಬರವಿಲ್ಲ.

ಮಾರುವವರನ್ನೇ ನೇರವಾಗಿ ನೋಡಬೇಕು. ಕೆಲವು ಬ್ರೋಕರುಗಳು ಕೊನೆಯ ತನಕ ಮಾಲೀಕರ ಮುಖ ತೋರಿಸುವುದಿಲ್ಲ. ಮಾಲೀಕ ಹೇಳಿದ್ದು ಹದಿನೆಂಟು ಲಕ್ಷ, ನಮಗೆ ಹೇಳುವುದು ಇಪ್ಪತ್ತೊಂದು, ನಡುವಿನ ಮೂರು ಲಕ್ಷ ಅವನ ಜೇಬಿಗೆ, ಅದರ ಮೇಲೆ ಕಮಿಷನ್ ಬೇರೆ. ಇನ್ನು ಕೆಲವರು ತಾವೇ ಮಾಲೀಕನ ಹತ್ತಿರ ಅಗ್ರಿಮೆಂಟ್ ಮಾಡಿಕೊಂಡು ಆ ಅಗ್ರಿಮೆಂಟನ್ನೇ ನಮಗೆ ಮಾರುತ್ತಾರೆ. ಜಿ.ಪಿ.ಎ. ಇದೆ, ಅದೇ ಸಾಕು ಎನ್ನುವವರಂತೂ ಇದ್ದೇ ಇದ್ದಾರೆ. ಜಿ.ಪಿ.ಎ. ಮೇಲೆ ಮಾರಿದರೆ ಒಡೆತನ ಬರುವುದಿಲ್ಲ, ನೋಂದಣಿಯಾದ ಕ್ರಯಪತ್ರವೇ ಬೇಕು ಎಂದು ಸುಪ್ರೀಂ ಕೋರ್ಟು 2011ರಲ್ಲೇ ಹೇಳಿಯಾಗಿದೆ. ಛಾಪಾ ಕಾಗದದ ಮೇಲೆ ಬರೆದು ನೋಟರಿ ಸೀಲು ಹಾಕಿಸಿದ್ದೂ ಕ್ರಯಪತ್ರವಲ್ಲ.

ನಗದಿನ ಮಾತು ಬರುತ್ತದೆ. "ಅರ್ಧ ಚೆಕ್ಕು, ಅರ್ಧ ಕ್ಯಾಶ್ ಕೊಡಿ, ರಿಜಿಸ್ಟ್ರೇಷನ್ ಖರ್ಚು ಉಳಿಯುತ್ತೆ." ಉಳಿಯುವುದೇನೋ ನಿಜ. ಆದರೆ ನಾಳೆ ವ್ಯವಹಾರ ಮುರಿದುಬಿದ್ದರೆ ಕಾಗದದಲ್ಲಿರುವಷ್ಟೇ ನಿಮ್ಮ ದುಡ್ಡು, ಉಳಿದದ್ದಕ್ಕೆ ದೇವರೇ ಸಾಕ್ಷಿ. ಆಸ್ತಿ ವ್ಯವಹಾರದಲ್ಲಿ ಇಪ್ಪತ್ತು ಸಾವಿರ ಅಥವಾ ಅದಕ್ಕಿಂತ ಹೆಚ್ಚಿನ ಮುಂಗಡವನ್ನು ನಗದಾಗಿ ತೆಗೆದುಕೊಳ್ಳುವುದು 2015ರಿಂದ ಆದಾಯ ತೆರಿಗೆ ಕಾನೂನಿಗೆ ವಿರುದ್ಧ. ಹೆಣ್ಣಿಗೆ ಇದರಲ್ಲಿ ಇನ್ನೊಂದು ನಷ್ಟವಿದೆ. ಮದುವೆಯಲ್ಲಿ ಅಪ್ಪ ಕೊಟ್ಟ ದುಡ್ಡಿಗೆ ಹೇಗೆ ರಸೀದಿ ಇಲ್ಲವೋ ಹಾಗೇ ಮನೆಗೆ ನೀವು ಸುರಿದ ದುಡ್ಡಿಗೂ ರಸೀದಿ ಇರುವುದಿಲ್ಲ. ಹತ್ತು ವರ್ಷದ ಮೇಲೆ ಕೋರ್ಟಿನಲ್ಲಿ "ಇವಳು ಒಂದು ಪೈಸೆ ಕೊಟ್ಟಿಲ್ಲ" ಎಂದು ಗಂಡನ ವಕೀಲರು ಹೇಳಿದರೆ ಏನು ತೋರಿಸುತ್ತೀರಿ? ಸರ ಅಡವಿಟ್ಟರೆ ಆ ಸಾಲ ನಿಮ್ಮ ಬ್ಯಾಂಕ್ ಖಾತೆಗೆ ಬರಲಿ. ನಿಮ್ಮ ಖಾತೆಯಿಂದ ಮಾರುವವರ ಖಾತೆಗೆ ನೇರವಾಗಿ ಹೋಗಲಿ. ಅದರ ವಿವರವನ್ನು ಕ್ರಯಪತ್ರದಲ್ಲೇ ಬರೆಸಿ. ಪಾಸ್ ಪುಸ್ತಕ ಎಸೆಯಬೇಡಿ.

ಕಾಗದಗಳ ವಿಷಯ ನಿಮ್ಮಲ್ಲಿ ಕೆಲವರಿಗೆ ಗೊತ್ತಿರುವುದೇ. ಆದರೂ ಹೇಳುತ್ತೇನೆ. ಮೂಲಪತ್ರದಿಂದ ಇವತ್ತಿನವರೆಗೆ ಆಸ್ತಿ ಕೈಯಿಂದ ಕೈಗೆ ಬಂದ ಎಲ್ಲಾ ಪತ್ರಗಳ ಸರಪಣಿ ಬೇಕು. ಮೂವತ್ತು ವರ್ಷದ ಋಣಭಾರ ಪತ್ರ, ಅಂದರೆ ಇ.ಸಿ. ಬೇಕು. ಬ್ರೋಕರ್ ತಂದುಕೊಟ್ಟ ಇ.ಸಿ. ನಂಬಬೇಡಿ, ಸಬ್ ರಿಜಿಸ್ಟ್ರಾರ್ ಕಚೇರಿಗೆ ನೀವೇ ಅರ್ಜಿ ಹಾಕಿ. ಈಚಿನ ವರ್ಷಗಳದ್ದು ಕಾವೇರಿ ಜಾಲತಾಣದಲ್ಲೂ ಸಿಗುತ್ತದೆ. ನಗರಸಭೆ, ಪುರಸಭೆ ವ್ಯಾಪ್ತಿಯಲ್ಲಾದರೆ ಇ-ಖಾತಾ, ಗ್ರಾಮ ಪಂಚಾಯತಿಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11. ಖಾತಾ ಎಂದರೆ ಕಂದಾಯ ಕಟ್ಟುವವರ ಹೆಸರಿನ ದಾಖಲೆ, ಅದೊಂದೇ ಒಡೆತನದ ಪುರಾವೆಯಲ್ಲ. ಹೊಲವಾಗಿದ್ದ ಜಾಗವಾದರೆ ಭೂ ಪರಿವರ್ತನೆ ಆದೇಶ ಕೇಳಿ. ಪಹಣಿಯಲ್ಲಿ ಇನ್ನೂ ರಾಗಿ ಎಂದೇ ಇದ್ದರೆ ಅಲ್ಲಿ ಸೈಟು ಇಲ್ಲ, ಬರೀ ಕಲ್ಲು ನೆಟ್ಟಿದ್ದಾರೆ ಅಷ್ಟೇ. ಚಕ್ಕುಬಂದಿಯನ್ನು ಕೈಯಲ್ಲಿ ಹಿಡಿದು ಜಾಗದಲ್ಲಿ ನಿಂತು ನಾಲ್ಕೂ ದಿಕ್ಕು ಹೊಂದಿಸಿ ನೋಡಿ. ಅಕ್ಕಪಕ್ಕದ ಮನೆಯ ಹೆಂಗಸರ ಹತ್ತಿರ ಹತ್ತು ನಿಮಿಷ ಮಾತಾಡಿ. ಇ.ಸಿ.ಯಲ್ಲಿ ಕಾಣದ ಜಗಳಗಳು ಅವರ ಬಾಯಲ್ಲಿರುತ್ತವೆ.

ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಕೊಟ್ಟ ಜಮೀನಾಗಿದ್ದರೆ ಮುಟ್ಟಲೇಬೇಡಿ. 1978ರ ಪಿ.ಟಿ.ಸಿ.ಎಲ್. ಕಾಯ್ದೆಯಂತೆ ಸರ್ಕಾರದ ಅನುಮತಿಯಿಲ್ಲದೆ ಅದನ್ನು ಮಾರಿದರೆ ಮಾರಾಟವೇ ಅಸಿಂಧು. ಎಷ್ಟು ವರ್ಷದ ಹಿಂದಿನ ಮಾರಾಟವಾದರೂ ಪ್ರಶ್ನಿಸಬಹುದೆಂದು 2023ರಲ್ಲಿ ತಿದ್ದುಪಡಿಯೂ ಆಗಿದೆ. ಅದು ನ್ಯಾಯವೂ ಹೌದು, ಆ ಭೂಮಿ ಅವರದು. ಆಶ್ರಯ ಮನೆಯ ಹಕ್ಕುಪತ್ರದ ಮೇಲೆ ವ್ಯಾಪಾರಕ್ಕೆ ಬಂದರೂ ಷರತ್ತು ಓದಿ. ಇಷ್ಟು ವರ್ಷ ಮಾರಬಾರದೆಂದು ಅದರಲ್ಲೇ ಬರೆದಿರುತ್ತದೆ.

ಇದನ್ನೆಲ್ಲ ನೋಡಲು ವಕೀಲರು ಬೇಕು, ಬ್ರೋಕರ್ ತೋರಿಸಿದ ವಕೀಲರಲ್ಲ. ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ತಾಲ್ಲೂಕು ಕೋರ್ಟಿನಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ, ಹೋಗಿ ಕೇಳಿ. ಬ್ಯಾಂಕ್ ಸಾಲಕ್ಕೆ ಅರ್ಜಿ ಹಾಕುವುದರಿಂದಲೂ ಒಂದು ಲಾಭವುಂಟು, ಬ್ಯಾಂಕಿನ ವಕೀಲರು ಕಾಗದ ನೋಡುತ್ತಾರೆ. ಯಾವ ಬ್ಯಾಂಕೂ ಸಾಲ ಕೊಡಲೊಪ್ಪದ ಸೈಟನ್ನು "ಬ್ಯಾಂಕಿನವರದ್ದು ಯಾವಾಗಲೂ ಕಿರಿಕಿರಿ ಅಕ್ಕಾ" ಎನ್ನುತ್ತ ಮಾರುವ ಬ್ರೋಕರನಿಂದ ದೂರವಿರಿ.

ಈಗ ನನ್ನನ್ನು ಹೆಚ್ಚು ಕಾಡುವ ವಿಷಯಕ್ಕೆ ಬರುತ್ತೇನೆ. ಮಾರುವ ಕುಟುಂಬದ ಹೆಣ್ಣುಮಕ್ಕಳ ಸಹಿ.

ಪಿತ್ರಾರ್ಜಿತ ಆಸ್ತಿ ಮಾರಾಟಕ್ಕೆ ಬಂದಾಗ ಬ್ರೋಕರ್ ಒಂದು ವಂಶವೃಕ್ಷ ತಂದು ತೋರಿಸುತ್ತಾನೆ. ಅದರಲ್ಲಿ ಅಪ್ಪ, ಮೂರು ಗಂಡುಮಕ್ಕಳು. ಹೆಣ್ಣುಮಕ್ಕಳು ಹುಟ್ಟೇ ಇಲ್ಲ. ಇಲ್ಲವೇ ಇದ್ದಾರೆ, ಅವರ ಹೆಸರಿನ ಮುಂದೆ "ಮದುವೆಯಾಗಿದೆ" ಎಂದು ಬರೆದು ಮುಗಿಸಿದ್ದಾರೆ. ಕೇಳಿದರೆ "ಅವರಿಗೆ ಅರಿಶಿನ ಕುಂಕುಮಕ್ಕೆ ಅಂತ ಕೊಟ್ಟಾಗಿದೆ, ಏನೂ ತಕರಾರಿಲ್ಲ" ಎನ್ನುತ್ತಾನೆ. ಅರಿಶಿನ ಕುಂಕುಮ ಎಂದರೆ ಒಂದು ಸೀರೆ, ಹತ್ತು ಸಾವಿರ ರೂಪಾಯಿ, ಮತ್ತು ಹಕ್ಕು ಬಿಡುಗಡೆ ಪತ್ರಕ್ಕೆ ಒಂದು ಹೆಬ್ಬೆಟ್ಟು. ಎಷ್ಟೋ ಸಲ ಅದೂ ಇಲ್ಲ.

ನಮ್ಮ ರಾಜ್ಯದಲ್ಲಿ 1994ರ ಜುಲೈ 30ರಂದೇ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿಯಾಗಿ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಬಂತು. ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಅದು ಹೊರಗಿಟ್ಟಿತ್ತು. 2005ರಲ್ಲಿ ಇಡೀ ದೇಶಕ್ಕೆ ತಿದ್ದುಪಡಿ ಬಂದಾಗ ಆ ಭೇದವೂ ಹೋಯಿತು. ಮಗಳಿಗೆ ಈ ಹಕ್ಕು ಹುಟ್ಟಿನಿಂದಲೇ ಬರುತ್ತದೆ, 2005ರಲ್ಲಿ ತಂದೆ ಬದುಕಿರಬೇಕೆಂದೇನೂ ಇಲ್ಲ ಎಂದು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲು ಆಗಿಹೋದ ಮಾರಾಟ, ವಿಭಾಗಗಳನ್ನು ಮಾತ್ರ ಕದಲಿಸುವಂತಿಲ್ಲ. ಮುಸ್ಲಿಂ ಕುಟುಂಬದಲ್ಲೂ ಮಗಳು ವಾರಸುದಾರಳೇ, ಪಾಲು ಮಗನ ಅರ್ಧವಾದರೂ ಪಾಲು ಪಾಲೇ. ಆದ್ದರಿಂದ ಇವತ್ತು ಹೆಣ್ಣುಮಕ್ಕಳ ಸಹಿ ಇಲ್ಲದೆ ಕೊಂಡ ಮನೆಯ ಮೇಲೆ ನಾಳೆ ವಿಭಾಗದ ದಾವೆ ಬೀಳಬಹುದು. ಬಿದ್ದರೆ ಕಮಿಷನ್ ತೆಗೆದುಕೊಂಡ ಬ್ರೋಕರ್ ಕೋರ್ಟಿಗೆ ಬರುವುದಿಲ್ಲ, ನೀವು ಅಲೆಯಬೇಕು.

ಇದು ನಷ್ಟದ ಲೆಕ್ಕ. ಇದರ ಇನ್ನೊಂದು ಮುಖವನ್ನು ನಾವು, ಸಂಘದ ಹೆಂಗಸರು, ನೋಡಲೇಬೇಕು. ನಮ್ಮ ಪಾಲು ನಮಗೆ ಬೇಕೆಂದು ಮೆರವಣಿಗೆ ಹೋಗುವವರು ನಾವು. ಅಂಥ ನಾವು ಇನ್ನೊಬ್ಬ ಹೆಣ್ಣುಮಗಳ ಪಾಲನ್ನು ಅವಳ ಅಣ್ಣಂದಿರಿಂದ ಅಗ್ಗಕ್ಕೆ ಕೊಂಡು ಗೃಹಪ್ರವೇಶ ಮಾಡುವುದು ಹೇಗೆ? ನಮ್ಮ ಸಂಘದ ಸದಸ್ಯೆಯೊಬ್ಬರು ಒಂದು ಹಳೆಯ ಮನೆ ನೋಡಿದ್ದರು. ಬೆಲೆ ಚೆನ್ನಾಗಿತ್ತು, ಬಾವಿಯೂ ಇತ್ತು. ಅಣ್ಣತಮ್ಮಂದಿರು ಇಬ್ಬರೇ ಎಂದು ಬ್ರೋಕರ್ ಹೇಳಿದ್ದ. ಪಕ್ಕದ ಮನೆಯಾಕೆ ಮಾತಿನ ನಡುವೆ "ಇವರ ತಂಗಿ ಗಂಡ ಬಿಟ್ಟು ಶಿರಾದಲ್ಲಿ ಬಾಡಿಗೆ ಮನೆಯಲ್ಲಿದ್ದಾಳೆ ಪಾಪ" ಎಂದಳು. ನಾವು ನಾಲ್ಕು ಜನ ಶಿರಾಕ್ಕೆ ಹೋಗಿ ಆಕೆಯನ್ನು ನೋಡಿದೆವು. ಮನೆ ಮಾರುತ್ತಿರುವುದೇ ಆಕೆಗೆ ತಿಳಿದಿರಲಿಲ್ಲ. ತನಗೂ ಪಾಲಿದೆ ಎಂಬುದಂತೂ ದೂರದ ಮಾತು. ನಮ್ಮ ಸದಸ್ಯೆ ಬ್ರೋಕರಿಗೆ ಹೇಳಿದರು, ಮೂರನೆಯ ಸಹಿ ಬೇಕು, ಮೂರನೆಯ ಚೆಕ್ಕು ಆಕೆಯ ಹೆಸರಿಗೆ ಬರೆಯುತ್ತೇನೆ, ಒಪ್ಪಿಗೆಯಿದ್ದರೆ ಮುಂದುವರಿಯೋಣ. ಬ್ರೋಕರ್ ಸಿಟ್ಟಾದ, ಅಣ್ಣಂದಿರು ವಾರಗಟ್ಟಲೆ ಹಾರಾಡಿದರು. ಕೊನೆಗೆ ವ್ಯಾಪಾರ ಮುರಿದುಬಿತ್ತು, ಮನೆ ಬೇರೆಯವರಿಗೂ ಹೋಗಲಿಲ್ಲ. ಶಿರಾದ ಆಕೆ ಈಗ ವಿಭಾಗಕ್ಕೆ ದಾವೆ ಹಾಕಿದ್ದಾರೆ. ನಮ್ಮ ಸದಸ್ಯೆ ಒಂದು ಲಕ್ಷ ಹೆಚ್ಚು ಕೊಟ್ಟು ಬೇರೆ ಮನೆ ಕೊಂಡರು. ಆ ಒಂದು ಲಕ್ಷದ ಬಗ್ಗೆ ಅವರಿಗೆ ಆಗಾಗ ಬೇಸರವಾಗುತ್ತದೆ, ಅದನ್ನೂ ಮುಚ್ಚಿಡುವುದಿಲ್ಲ.

ಇನ್ನು ಯಾರ ಹೆಸರಿಗೆ? ಬ್ರೋಕರ್ ತಾನಾಗಿಯೇ ಪತ್ರ ಬರಹಗಾರರಿಗೆ ಗಂಡನ ಆಧಾರ್ ಕಾರ್ಡ್ ಕೊಟ್ಟುಬಿಡುತ್ತಾನೆ, ಯಾರೂ ಕೇಳುವುದೂ ಇಲ್ಲ. ದುಡ್ಡು ನಿಮ್ಮದಾದರೆ ನಿಮ್ಮ ಒಬ್ಬರ ಹೆಸರಿಗೇ ಆಗಬೇಕು. ಇಬ್ಬರದೂ ಆಗಿದ್ದರೆ ಇಬ್ಬರ ಹೆಸರಿಗೂ, ಯಾರ ಭಾಗ ಎಷ್ಟೆಂದು ಬರೆದು. ಎಲ್ಲಕ್ಕಿಂತ ಕೆಟ್ಟದ್ದೆಂದರೆ ನಾನು ಪದೇ ಪದೇ ನೋಡುವ ಮೂರನೆಯ ಬಗೆ. ಬ್ಯಾಂಕಿನ ಸಾಲಕ್ಕೆ ಹೆಂಡತಿಯ ಸಹಿ, ಸಂಘದ ಸಾಲಕ್ಕೂ ಹೆಂಡತಿಯ ಸಹಿ, ಕ್ರಯಪತ್ರದಲ್ಲಿ ಮಾತ್ರ ಗಂಡನ ಹೆಸರು. ಮನೆ ಅವನದು, ಕಂತು ಇವಳದು. ಕೆಲವು ಬ್ಯಾಂಕುಗಳು ಹೆಂಗಸಿನ ಹೆಸರಿನ ಗೃಹಸಾಲಕ್ಕೆ ಬಡ್ಡಿ ಸ್ವಲ್ಪ ಕಡಿಮೆ ಮಾಡುತ್ತವೆ, ಪ್ರಧಾನಮಂತ್ರಿ ಆವಾಸ್ ಯೋಜನೆಯ ಮನೆಗೂ ಹೆಂಗಸಿನ ಹೆಸರು ಬೇಕು. ಅಷ್ಟಕ್ಕೆ ಮಾತ್ರ ಹೆಸರು ಹಾಕಿಸಿಕೊಂಡು, ಆಮೇಲೆ ಜಿ.ಪಿ.ಎ.ಗೆ ಸಹಿ ಮಾಡಿಸಿಕೊಂಡು ಮಾರಿಬಿಟ್ಟ ಗಂಡಂದಿರೂ ಇದ್ದಾರೆ. ಓದದೆ, ಓದಿಸಿ ಕೇಳದೆ, ಯಾವ ಕಾಗದಕ್ಕೂ ಸಹಿ ಬೇಡ.

ಸಂಘದ ಸಭೆಯಲ್ಲಿ ಈ ಮಾತು ಬಂದಾಗ ಹಿರಿಯರೊಬ್ಬರು ಹೇಳಿದರು: "ಹೆಸರು ಅಂತ ಹಟ ಹಿಡಿದರೆ ಹೊಡೆತ ಜಾಸ್ತಿ ಆಗ್ತದೆ ಕಣವ್ವ. ಇರೋ ಸಂಸಾರ ಕೆಡಿಸ್ಕೊಬೇಡಿ." ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆಸ್ತಿ ತನ್ನ ಹೆಸರಿಗೆ ಮಾಡಿಕೊಡೆಂದು ಹೆಂಡತಿಯನ್ನು ಹಿಂಸಿಸುವುದನ್ನೂ ನಾವು ನೋಡಿದ್ದೇವೆ. ಆದರೂ ನನ್ನ ಅಭಿಪ್ರಾಯ ಬೇರೆ. ಹೆಸರಿನ ಮಾತಿಗೆ ಕೈಯೆತ್ತುವ ಗಂಡಸು ಹೆಸರಿಲ್ಲದಿದ್ದರೆ ಇನ್ನೊಂದು ಮಾತಿಗೆ ಎತ್ತುತ್ತಾನೆ. ದುಡ್ಡು ಕೊಡುವ ಮೊದಲೇ ಈ ಜಗಳ ನಡೆಯುವುದು ಒಳ್ಳೆಯದು. ಕೊಟ್ಟ ಮೇಲೆ ನಮ್ಮ ಕೈಯಲ್ಲೇನೂ ಇರುವುದಿಲ್ಲ. ಜೀವಕ್ಕೇ ಭಯವಿದ್ದರೆ ಆ ಮನೆಗೆ ದುಡ್ಡು ಹಾಕಬೇಡಿ, ನಿಮ್ಮ ಹೆಸರಿನಲ್ಲಿ ಬ್ಯಾಂಕಿನಲ್ಲಿ ಇರಲಿ. ಮಹಿಳಾ ಸಹಾಯವಾಣಿ 181 ಎಂಬುದನ್ನು ನೆನಪಿಡಿ.

ಹೆಸರಿಗೆ ಆದ ಮೇಲೆ ಒಂದು ಉಯಿಲು ಬರೆದಿಡಿ. ಇದು ಅಪಶಕುನದ ಮಾತಲ್ಲ. ಹಿಂದೂ ಹೆಣ್ಣುಮಗಳು ಉಯಿಲು ಬರೆಯದೆ, ಮಕ್ಕಳಿಲ್ಲದೆ, ಗಂಡನೂ ಇಲ್ಲದೆ ತೀರಿಕೊಂಡರೆ ಅವಳು ಸ್ವಂತ ದುಡಿದು ಕೊಂಡ ಮನೆ ಗಂಡನ ಕಡೆಯ ವಾರಸುದಾರರಿಗೆ ಹೋಗುತ್ತದೆ, ಹೆತ್ತ ತಾಯಿಗಲ್ಲ. 1956ರ ಕಾಯ್ದೆಯ 15ನೇ ಕಲಮು ಅದು, ಇನ್ನೂ ಹಾಗೇ ಇದೆ. ಉಯಿಲಿಗೆ ಛಾಪಾ ಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ, ಇಬ್ಬರು ಸಾಕ್ಷಿಗಳು ಸಾಕು.

ಸರ್ಕಾರಕ್ಕೂ ಒಂದು ಮಾತು. ದೆಹಲಿಯಲ್ಲಿ ಹೆಂಗಸಿನ ಹೆಸರಿಗೆ ನೋಂದಣಿಯಾದರೆ ಮುದ್ರಾಂಕ ಶುಲ್ಕ ನೂರಕ್ಕೆ 4, ಗಂಡಸಿಗಾದರೆ 6. ಮಹಾರಾಷ್ಟ್ರದಲ್ಲಿ 2021ರಿಂದ ಹೆಂಗಸರಿಗೆ ನೂರಕ್ಕೆ 1 ಕಡಿಮೆ. ನಮ್ಮಲ್ಲಿ ಅಂಥ ರಿಯಾಯಿತಿಯೇ ಇಲ್ಲ. ಅದರ ಬದಲು 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವನ್ನು ನೂರಕ್ಕೆ 1ರಿಂದ 2ಕ್ಕೆ ಏರಿಸಿದರು. ಸೈಟಿಗೆ, ಹಳೆಯ ಮನೆಗೆ ಸಾಮಾನ್ಯವಾಗಿ ಮುದ್ರಾಂಕ, ಸೆಸ್ಸು ಎಲ್ಲ ಸೇರಿ ನೂರಕ್ಕೆ ಏಳೂವರೆಯ ಮೇಲಾಗುತ್ತದೆ. ಇಪ್ಪತ್ತು ಲಕ್ಷದ ಮನೆಗೆ ಒಂದೂವರೆ ಲಕ್ಷ. ಇದನ್ನು ಬ್ರೋಕರ್ ಮೊದಲ ದಿನ ಹೇಳುವುದಿಲ್ಲ, ಕೊನೆಯ ವಾರ ಹೇಳುತ್ತಾನೆ. ಆಗ ಎಷ್ಟೋ ಜನ ಬಡ್ಡಿಗೆ ಓಡುತ್ತಾರೆ. ಬೆಲೆ ಕೇಳಿದ ದಿನವೇ ಈ ಖರ್ಚನ್ನೂ ಲೆಕ್ಕ ಹಾಕಿ. ತಿಂಗಳ ಗೃಹಲಕ್ಷ್ಮಿ ದುಡ್ಡನ್ನು ಎತ್ತಿಟ್ಟು ಈ ಖರ್ಚಿಗೆಂದೇ ಕೂಡಿಸುತ್ತಿರುವವರು ನಮ್ಮ ಸಂಘದಲ್ಲಿದ್ದಾರೆ. ಹೆಂಗಸಿನ ಹೆಸರಿಗಾದರೆ ನೂರಕ್ಕೆ ಎರಡಾದರೂ ಬಿಡಬೇಕೆಂದು ಎಲ್ಲಾ ಸಂಘಗಳು ಸೇರಿ ಕೇಳಬೇಕು.

ನೋಂದಣಿಯ ದಿನ ಒಬ್ಬರೇ ಹೋಗಬೇಡಿ. ಸಂಘದಿಂದ ಇಬ್ಬರು ಜೊತೆಗಿರಲಿ, ಸಾಕ್ಷಿ ಸಹಿಯನ್ನು ಅವರೇ ಹಾಕಲಿ. ಕರಡು ಪತ್ರವನ್ನು ಹಿಂದಿನ ದಿನವೇ ತರಿಸಿಕೊಂಡು ಓದಿ. ನಿಮ್ಮ ಹೆಸರು ಆಧಾರ್‌ನಲ್ಲಿರುವ ಹಾಗೇ ಇದೆಯೇ, ಅಳತೆ, ಚಕ್ಕುಬಂದಿ ಸರಿಯಿದೆಯೇ ಎಂದು ನೋಡಿ. ಮೂಲಪತ್ರಗಳನ್ನು ಅಲ್ಲೇ ಕೈಗೆ ತೆಗೆದುಕೊಳ್ಳಿ, ಬ್ರೋಕರನ ಬ್ಯಾಗಿಗೆ ಹೋಗಬಾರದು. ಎಲ್ಲದರ ನಕಲು ಒಂದು ಕಂತೆ ಮಾಡಿ ಮನೆಯಿಂದ ಹೊರಗೆ, ನಂಬಿಕೆಯವರ ಹತ್ತಿರ ಇಡಿ. ಪಾತ್ರೆ ಪಗಡದ ಜೊತೆ ಕಾಗದವೂ ಬೀದಿಗೆ ಬಿದ್ದು ಸುಟ್ಟುಹೋದ ಪ್ರಕರಣಗಳಿವೆ.

ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಖಾತಾ ನಿಮ್ಮ ಹೆಸರಿಗೆ ಬದಲಾಗಬೇಕು, ಕರೆಂಟ್ ಮೀಟರ್ ಬದಲಾಗಬೇಕು. ಕ್ರಯಪತ್ರವಾದ ಮೇಲೆ ಬ್ರೋಕರ್ ಫೋನು ಎತ್ತುವುದನ್ನು ನಿಲ್ಲಿಸುತ್ತಾನೆ. ಆದ್ದರಿಂದ ಕಮಿಷನ್ ಎಷ್ಟು ಎಂಬುದನ್ನು ಮನೆ ನೋಡುವ ಮೊದಲೇ ಮಾತಾಡಿ, ಚೀಟಿಯಲ್ಲಿ ಬರೆದುಕೊಳ್ಳಿ. ನೋಂದಣಿಯ ದಿನ ಅರ್ಧ, ಖಾತಾ ಕೈಗೆ ಬಂದ ದಿನ ಇನ್ನರ್ಧ. ನಮ್ಮ ಸಂಘದಲ್ಲಿ ಇಬ್ಬರು ಹೀಗೇ ಮಾಡಿದರು. ಒಬ್ಬ ಬ್ರೋಕರ್ ಗೊಣಗಿಕೊಂಡು ಒಪ್ಪಿದ. ಇನ್ನೊಬ್ಬ ಮಾರನೇ ದಿನವೇ ನಗರಸಭೆಗೆ ಹೋಗಿ ಅರ್ಜಿಯ ಸ್ವೀಕೃತಿ ತಂದು ಆಕೆಯ ಕೈಗೇ ಕೊಟ್ಟ.